ಲಾರಿ ಲೀಸಿಗೋ, ಸ್ವಂತಕ್ಕೋ? ಮೊದಲು ಮಳೆಗಾಲದ ಲೆಕ್ಕ ಹಾಕಿ

ಹಾಸನದ ಕಡೆ ಹೊಸ ಲಾರಿಗಳು ಜಾಸ್ತಿ ಮನೆಗೆ ಬರುವುದು ದಸರಾ ಹೊತ್ತಿಗೆ. ಆಯುಧಪೂಜೆಗೆ ನಿಂಬೆಹಣ್ಣು ಚಕ್ರದಡಿ ಇಟ್ಟು ಹೊರಡುತ್ತಾರೆ. ಆಗ ಮೆಕ್ಕೆಜೋಳದ ಲೋಡು ಶುರು. ಹಿಂದೆಯೇ ಶುಂಠಿ, ಕಾಫಿ. ಏಪ್ರಿಲ್, ಮೇ ತಿಂಗಳಲ್ಲಿ ಪಂಜಾಬಿನ ಜಲಂಧರ್‌ನಿಂದ ಬಿತ್ತನೆ ಆಲೂಗಡ್ಡೆ ಬರುತ್ತದೆ, ಅದನ್ನು ಹಳ್ಳಿಗಳಿಗೆ ಸಾಗಿಸುವ ಕೆಲಸ. ಈ ದುಡಿಮೆ ನೋಡಿ, ವರ್ಷವಿಡೀ ಹೀಗೇ ಇರುತ್ತದೆ ಅಂದುಕೊಳ್ಳುತ್ತಾರೆ. ಜೂನ್ ಬಂದಾಗ ಲೋಡು ಇಳಿಯುತ್ತದೆ, ಕಂತು ಇಳಿಯುವುದಿಲ್ಲ.

ಏಳೆಂಟು ವರ್ಷ ಇನ್ನೊಬ್ಬರ ಲಾರಿ ಓಡಿಸಿ, ಈಗ ಸ್ವಂತಕ್ಕೆ ಇಳಿಯುವ ಹುಡುಗರು ಇದೇ ಜಾಗದಲ್ಲಿ ಎಡವುವುದನ್ನು ತುಂಬ ಸಲ ನೋಡಿದ್ದೇನೆ. ಕಂತು ಎಷ್ಟು, ಲೀಸ್ ಬಾಡಿಗೆ ಎಷ್ಟು ಅಂತ ಎರಡೇ ಸಂಖ್ಯೆ ಪಕ್ಕಪಕ್ಕ ಇಟ್ಟು ತೀರ್ಮಾನ ಮಾಡಿಬಿಡುತ್ತಾರೆ. ಅದು ಸಾಲದು. ಒಂದು ನೋಟ್‌ಬುಕ್ ತೆಗೆದುಕೊಳ್ಳಿ.

1. ತಿಂಗಳವಾರು ಕಿಲೋಮೀಟರ್ ಬರೆಯಿರಿ

ಈಗ ಓಡಿಸುತ್ತಿರುವ ಲಾರಿಯ ಟ್ರಿಪ್‌ಶೀಟ್ ನೋಡಿ, 12 ತಿಂಗಳದ್ದೂ ಬರೆಯಿರಿ. ಖಾಲಿ ವಾಪಸ್ ಬಂದದ್ದೂ ಸೇರಲಿ. ಸರಾಸರಿ ತೆಗೆಯಬೇಡಿ.

2. ಓಡಿದರೆ ಮಾತ್ರ ಬರುವ ಖರ್ಚು

6 ಚಕ್ರದ ಲಾರಿ ಲೀಟರಿಗೆ 5 ಕಿ.ಮೀ. ಕೊಡುತ್ತದೆ, ಡೀಸೆಲ್ 91 ರೂಪಾಯಿ ಅಂತ ಹಿಡಿಯೋಣ. ಕಿ.ಮೀ.ಗೆ 18.20 ರೂ. ಆಯಿತು. ಒಂದು ಟೈರಿಗೆ 22,000ದಂತೆ ಆರು ಟೈರು 70,000 ಕಿ.ಮೀ. ಬಂದರೆ 1.90 ರೂ. ಟೋಲ್, ಆಯಿಲ್, ಸರ್ವಿಸ್ ಎಲ್ಲ ಸೇರಿ 3.90. ಒಟ್ಟು 24 ರೂಪಾಯಿ. ನಿಮ್ಮ ಲಾರಿಯ ಸಂಖ್ಯೆ ಬೇರೆ ಇರುತ್ತದೆ, ಅದನ್ನೇ ಹಾಕಿ. ಶಿರಾಡಿ ಹತ್ತುವ ಲಾರಿಗೆ ನೆಲಮಂಗಲ ರಸ್ತೆಯ ಮೈಲೇಜ್ ಹಾಕಬೇಡಿ.

ಇಲ್ಲೊಂದು ಮಾತು. 2020ರ ಏಪ್ರಿಲ್ ನಂತರದ ಬಿಎಸ್-6 (ಹೊಗೆ ಮಿತಿಯ ಹೊಸ ನಿಯಮ) ಲಾರಿಗಳಲ್ಲಿ ಹೆಚ್ಚಿನವಕ್ಕೆ ಡಿಇಎಫ್, ಅಂದರೆ ಹೊಗೆ ಶುದ್ಧ ಮಾಡುವ ದ್ರವ, ಹಾಕಬೇಕು. ಅದರಲ್ಲಿ ಯೂರಿಯಾ ಶೇ 32.5 ಇರಬೇಕು, ಉಳಿದದ್ದು ಶುದ್ಧ ನೀರು. ರಸ್ತೆ ಬದಿಯಲ್ಲಿ ಲೇಬಲ್ ಇಲ್ಲದ ಕ್ಯಾನಿನಲ್ಲಿ ಅಗ್ಗಕ್ಕೆ ಸಿಗುವುದನ್ನು ದಯವಿಟ್ಟು ಹಾಕಬೇಡಿ. ಗೊಬ್ಬರದ ಯೂರಿಯಾ ಕದಡಿ ಮಾಡಿದ್ದಾದರೆ ಪಂಪು, ನಾಜಲ್ ಎಲ್ಲ ಕಟ್ಟಿಕೊಳ್ಳುತ್ತವೆ. ಉಳಿಸಿದ ಐದಾರು ನೂರು ರೂಪಾಯಿಗೆ ಹತ್ತಾರು ಸಾವಿರದ ರಿಪೇರಿ.

3. ನಿಂತರೂ ತಪ್ಪದ ಖರ್ಚು

ಎಲ್ಲರೂ ಕೆಡಿಸುವುದು ಇದನ್ನೇ. ನಿಧಾನವಾಗಿ ಓದಿ.

ಬಾಡಿ ಕಟ್ಟಿಸಿ, ರಸ್ತೆಗೆ ಇಳಿಯುವ ಹೊತ್ತಿಗೆ ಹೊಸ ಲಾರಿಗೆ 25 ಲಕ್ಷ ಆಯಿತು ಎನ್ನಿ. ಕೈಯಿಂದ 5 ಲಕ್ಷ, ಸಾಲ 20 ಲಕ್ಷ. 48 ತಿಂಗಳಿಗೆ ಕಂತು 55,000. ಇನ್ಶೂರೆನ್ಸ್, ಟ್ಯಾಕ್ಸ್, ಪರ್ಮಿಟ್ ತಿಂಗಳಿಗೆ ಹಂಚಿದರೆ 10,500. ಬರೀ ಥರ್ಡ್ ಪಾರ್ಟಿ ಪ್ರೀಮಿಯಮ್ಮೇ 12ರಿಂದ 20 ಟನ್‌ವರೆಗಿನ ಲಾರಿಗೆ 2022ರ ದರದಲ್ಲಿ ವರ್ಷಕ್ಕೆ 35,313 ರೂ. ಇದೆ. ಇನ್ನು ನಿಮ್ಮ ಸಂಬಳ. "ನಾನೇ ಓಡಿಸ್ತೀನಲ್ಲ, ಡ್ರೈವರ್ ಸಂಬಳ ಉಳೀತು" ಅಂತಾರೆ. ಉಳಿಯುವುದಿಲ್ಲ. ಮನೆಗೆ ಅಕ್ಕಿ, ಮಕ್ಕಳ ಫೀಸು ಎಲ್ಲಿಂದ ಬರಬೇಕು? ತಿಂಗಳಿಗೆ 25,000 ಬರೆಯಿರಿ. ಒಟ್ಟು 90,500.

ಇಂಥದ್ದೇ ಲಾರಿ ಲೀಸಿಗೆ ತಿಂಗಳಿಗೆ 50,000ಕ್ಕೆ ಸಿಕ್ಕಿತು, ಟ್ಯಾಕ್ಸ್, ಇನ್ಶೂರೆನ್ಸ್ ಮಾಲೀಕನದು ಎನ್ನಿ. ನಿಮ್ಮ ಸಂಬಳ ಸೇರಿ 75,000.

ಖಾಲಿ ಓಡಿದ್ದನ್ನೂ ಸೇರಿಸಿ ಕಿ.ಮೀ.ಗೆ ಸರಾಸರಿ 40 ರೂಪಾಯಿ ಬಾಡಿಗೆ ಬಂದರೆ, 24 ಕಳೆದು 16 ಕೈಗೆ ಸಿಗುತ್ತದೆ. ಒಳ್ಳೆಯ ತಿಂಗಳಲ್ಲಿ 6,000 ಕಿ.ಮೀ. ಓಡಿದರೆ 96,000. ಸ್ವಂತ ಲಾರಿಯಲ್ಲಿ 5,500 ಉಳಿಯಿತು, ಲೀಸಿನಲ್ಲಿ 21,000. ಇಲ್ಲಿಗೆ ಎರಡೂ ಪರವಾಗಿಲ್ಲ ಅನ್ನಿಸುತ್ತದೆ, ಅಲ್ವಾ?

ಈಗ ಜೂನ್, ಜುಲೈ, ಆಗಸ್ಟ್ ಹಾಕಿ. ಆಲೂಗಡ್ಡೆ ಇನ್ನೂ ಹೊಲದಲ್ಲಿರುತ್ತದೆ. ಶುಂಠಿ, ಕಾಫಿ ಮುಗಿದಿರುತ್ತವೆ. ಮಂಗಳೂರಿಗೆ ಹೋಗೋಣ ಎಂದರೆ ಶಿರಾಡಿಯ ಭಯ. 2024ರ ಜುಲೈನಲ್ಲಿ ಸಕಲೇಶಪುರದ ಹತ್ತಿರ ದೊಡ್ಡತಪ್ಪಲೆಯಲ್ಲಿ ಗುಡ್ಡ ಜರಿದು ಹೆದ್ದಾರಿ 75 ಮತ್ತೆ ಮತ್ತೆ ಬಂದ್ ಆಗಿದ್ದು ಯಾರೂ ಮರೆತಿಲ್ಲ. ತಿಂಗಳಿಗೆ 2,500 ಕಿ.ಮೀ. ಓಡಿದರೆ 40,000 ಸಿಗುತ್ತದೆ. ಕಂತಿಗೇ ಇನ್ನೂ 15,000 ಬೇಕು. ಎಲ್ಲ ಸೇರಿ ಸ್ವಂತ ಲಾರಿಯಲ್ಲಿ ತಿಂಗಳಿಗೆ 50,500 ಕೊರತೆ. ಮೂರು ತಿಂಗಳಿಗೆ 1,51,500. ಉಳಿದ ಒಂಬತ್ತು ತಿಂಗಳಲ್ಲಿ ಮಿಕ್ಕಿದ್ದು ಬರೀ 49,500. ವರ್ಷದ ಕೊನೆಗೆ 1,02,000 ಕೈಯಿಂದ ಹಾಕಬೇಕು.

ಅದೇ ಕಿಲೋಮೀಟರಿಗೆ ಲೀಸ್ ಲಾರಿಯಲ್ಲಿ ಮಳೆಗಾಲದ ಕೊರತೆ 1,05,000, ಒಳ್ಳೆಯ ತಿಂಗಳ ಉಳಿಕೆ 1,89,000. ಕೈಯಲ್ಲಿ 84,000 ಮಿಗುತ್ತದೆ.

"ಆದರೆ ನಾಲ್ಕು ವರ್ಷ ಆದ ಮೇಲೆ ಲಾರಿ ನಂದಾಗುತ್ತಲ್ಲ?" ನಿಜ, ಅದನ್ನೂ ಸೇರಿಸೋಣ. ಆಗ ಲಾರಿಗೆ 11 ಲಕ್ಷ ಸಿಕ್ಕರೆ, ಮೊದಲು ಕೊಟ್ಟ 5 ಲಕ್ಷ ಕಳೆದು 6 ಲಕ್ಷ. ವರ್ಷಕ್ಕೆ ಒಂದೂವರೆ ಲಕ್ಷ ಬಂದ ಹಾಗೆ. ಕೊರತೆ ಕಳೆದರೆ ವರ್ಷಕ್ಕೆ 48,000 ಲಾಭ. ಲೀಸಿಗೂ ಇದಕ್ಕೂ ತಿಂಗಳಿಗೆ 3,000 ಅಷ್ಟೇ ವ್ಯತ್ಯಾಸ. ಕಂತು ಮುಗಿದ ಲಾರಿಯನ್ನು ಮಾರದೆ ಇನ್ನೂ ನಾಲ್ಕು ವರ್ಷ ಓಡಿಸಿದರೆ ಸ್ವಂತವೇ ಮೇಲು. ಆದರೆ ಆ ದುಡ್ಡು ಬರುವುದು ನಾಲ್ಕು ವರ್ಷ ಕಳೆದ ಮೇಲೆ. ಕೊರತೆ ಬರುವುದು ಮೊದಲ ಜುಲೈನಲ್ಲೇ. ಲಾರಿ ಕಳೆದುಕೊಂಡವರೆಲ್ಲ ಈ ನಡುವೆ ಸಿಕ್ಕಿಕೊಂಡವರು.

ಆದ್ದರಿಂದ ಈ ಲೆಕ್ಕದಲ್ಲಿ ಹೊಸ ಲಾರಿ ಸರಿಹೋಗಬೇಕಾದರೆ ಮಳೆಗಾಲದಲ್ಲೂ ತಿಂಗಳಿಗೆ 4,600 ಕಿ.ಮೀ. ಮೇಲೆ ಓಡುವ ಲೋಡು ನಿಮ್ಮ ಹತ್ತಿರ ಇರಬೇಕು. ಸಿಮೆಂಟೋ, ಪಶು ಆಹಾರವೋ, ಬೆಂಗಳೂರು ಕಡೆಯ ಕಾಯಂ ಸಾಮಾನೋ ಯಾವುದಾದರೂ ಆಗಲಿ. ಅದು ಇಲ್ಲದಿದ್ದರೆ, ಒಂದೂವರೆ ಲಕ್ಷ ಬ್ಯಾಂಕಿನಲ್ಲಿ ಬೇರೆಯಾಗಿ ಇಡದೆ ಸಾಲದ ಕಾಗದಕ್ಕೆ ಸಹಿ ಹಾಕಬೇಡಿ. ಲೋಡು ಜಾಸ್ತಿ ಹೇರಿ ಸರಿಮಾಡುತ್ತೇನೆ ಎನ್ನುವ ಯೋಚನೆ ಬೇಡ. ಕಾನೂನಿನಲ್ಲಿ ಓವರ್‌ಲೋಡಿಗೆ 20,000 ದಂಡ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000. ಘಾಟಿ ಇಳಿಯುವಾಗ ಬ್ರೇಕ್ ಕೈಕೊಟ್ಟರೆ ದಂಡ ಕಟ್ಟಿ ಮುಗಿಯುವ ವಿಷಯವೂ ಅಲ್ಲ.

4. ಬಡ್ಡಿ ಕೇಳುವಾಗ

"ಶೇ 8 ಅಷ್ಟೇ" ಎಂದರೆ, ಫ್ಲ್ಯಾಟೋ ರೆಡ್ಯೂಸಿಂಗೋ ಅಂತ ಕೇಳಿ. ಫ್ಲ್ಯಾಟ್ ಎಂದರೆ ಅಸಲು ಕರಗುತ್ತಾ ಹೋದರೂ ಬಡ್ಡಿ ಪೂರ್ತಿ 20 ಲಕ್ಷದ ಮೇಲೇ. ರೆಡ್ಯೂಸಿಂಗ್ ಎಂದರೆ ಉಳಿದ ಅಸಲಿಗೆ ಮಾತ್ರ ಬಡ್ಡಿ. 20 ಲಕ್ಷಕ್ಕೆ ಶೇ 8 ಫ್ಲ್ಯಾಟ್, ನಾಲ್ಕು ವರ್ಷಕ್ಕೆ ಬಡ್ಡಿ 6.40 ಲಕ್ಷ, ಕಂತು 55,000. ಇದು ರೆಡ್ಯೂಸಿಂಗ್ ಲೆಕ್ಕದಲ್ಲಿ ಶೇ 14ಕ್ಕೂ ಜಾಸ್ತಿ. ಬ್ಯಾಂಕಿನವರು ಶೇ 11 ರೆಡ್ಯೂಸಿಂಗ್ ಎಂದರೆ ಕಂತು ಸುಮಾರು 51,700. ಕೇಳಲು 11 ದೊಡ್ಡದು, ಕಟ್ಟಲು ಚಿಕ್ಕದು. ಒಟ್ಟು ಒಂದೂವರೆ ಲಕ್ಷದ ಮೇಲೆ ವ್ಯತ್ಯಾಸ ಬೀಳುತ್ತದೆ.

5. ಲೀಸ್ ಆದರೆ, ಬಾಯಿಮಾತು ಬೇಡ

ನಾನು ಒಮ್ಮೆ ಪರಿಚಯದವರು ಅಂತ ಬಾಯಿಮಾತಿನಲ್ಲೇ ಲಾರಿ ತೆಗೆದುಕೊಂಡಿದ್ದೆ. ಬಾಡಿಗೆ ತಪ್ಪದೆ ಕೊಟ್ಟೆ. ಮಾಲೀಕ ನಾಲ್ಕು ತಿಂಗಳಿಂದ ಕಂತು ಕಟ್ಟಿರಲಿಲ್ಲ. ರಾತ್ರಿ ಫೈನಾನ್ಸ್‌ನವರು ಬಂದು, ಶುಂಠಿ ಲೋಡಿದ್ದ ಲಾರಿಯನ್ನೇ ತೆಗೆದುಕೊಂಡು ಹೋದರು. ಶುಂಠಿ ಯಜಮಾನರಿಗೆ ನಾನೇ ಉತ್ತರ ಹೇಳಬೇಕಾಯಿತು.

ಅದಕ್ಕೇ ಹೇಳುತ್ತೇನೆ. ಆರ್‌ಸಿಯಲ್ಲಿ ಸಾಲದ ನಮೂದು ಇದೆಯೇ ಅಂತ ಪರಿವಾಹನ್ ಆ್ಯಪ್‌ನಲ್ಲಿ ನೋಡಿ. ಇದ್ದರೆ, ಕಂತಿನ ದುಡ್ಡು ನಿಮ್ಮ ಖಾತೆಯಿಂದ ನೇರ ಫೈನಾನ್ಸ್‌ಗೆ ಹೋಗಲಿ, ಮಿಕ್ಕಿದ್ದು ಮಾಲೀಕನಿಗೆ. ಸ್ಟಾಂಪ್ ಕಾಗದದಲ್ಲಿ ಇಷ್ಟು ಇರಲೇಬೇಕು: ಎಂಜಿನ್, ಗೇರ್‌ಬಾಕ್ಸ್ ಕೆಟ್ಟರೆ ಖರ್ಚು ಯಾರದು, ರಿಪೇರಿಗೆ ನಿಂತ ದಿನ ಬಾಡಿಗೆ ಉಂಟೋ ಇಲ್ಲವೋ, ಟೈರು ಯಾವ ಸ್ಥಿತಿಯಲ್ಲಿ ಕೊಟ್ಟರು, ಬಿಡಲು ಎಷ್ಟು ದಿನ ಮೊದಲು ಹೇಳಬೇಕು, ಅಡ್ವಾನ್ಸ್ ಯಾವಾಗ ವಾಪಸ್. ಮಳೆಗಾಲದ ಮೂರು ತಿಂಗಳು ಬಾಡಿಗೆ ಕಡಿಮೆ ಮಾಡಿ ಅಂತ ಕೇಳಿ. ಲಾರಿ ಸುಮ್ನೆ ನಿಲ್ಲುವುದಕ್ಕಿಂತ ವಾಸಿ ಅಂತ ಎಷ್ಟೋ ಮಾಲೀಕರು ಒಪ್ಪುತ್ತಾರೆ.

ಪರ್ಮಿಟ್ ಮಾಲೀಕನ ಹೆಸರಲ್ಲೇ ಇರುತ್ತದೆ. ಸಾರಿಗೆ ಪ್ರಾಧಿಕಾರದ ಒಪ್ಪಿಗೆಯಿಲ್ಲದೆ ಅದನ್ನು ಇನ್ನೊಬ್ಬರಿಗೆ ವರ್ಗಾಯಿಸುವಂತಿಲ್ಲ. ಹಾಗಾಗಿ ಲೀಸ್ ಕರಾರನ್ನು ಆರ್‌ಟಿಒ ಕಚೇರಿಯಲ್ಲಿ ತೋರಿಸಿ, ಏನೇನು ನಮೂದಾಗಬೇಕೋ ಮಾಡಿಸಿಕೊಳ್ಳಿ.

6. ನನ್ನ ಸಲಹೆ

ಮೊದಲ ವರ್ಷ ಲೀಸಿಗೆ ತೆಗೆದುಕೊಳ್ಳಿ. ಒಂದು ಮಳೆಗಾಲ ನಿಮ್ಮದೇ ಲೆಕ್ಕದಲ್ಲಿ ದಾಟಿ. ಆಮೇಲೆ ನಾಲ್ಕೈದು ವರ್ಷದ ಹಳೇ ಲಾರಿ ಕೊಳ್ಳಿ. ಮೊದಲ ಲಾರಿ ಹೊಸದು ಬೇಡವೇ ಬೇಡ. 8 ವರ್ಷ ದಾಟಿದ್ದೂ ಬೇಡ, ಆಮೇಲೆ ಪ್ರತಿ ವರ್ಷ ಎಫ್‌ಸಿ (ಲಾರಿ ಓಡಲು ಯೋಗ್ಯ ಎನ್ನುವ ಸರ್ಟಿಫಿಕೇಟ್) ಮಾಡಿಸಬೇಕು. ಅಲ್ಲಿಯವರೆಗೆ ಎರಡು ವರ್ಷಕ್ಕೊಮ್ಮೆ ಸಾಕು.

ಹಳೇ ಲಾರಿ ನೋಡಲು ನಿಮ್ಮ ಮೆಕ್ಯಾನಿಕ್‌ನನ್ನು ಕರೆದುಕೊಂಡು ಹೋಗಿ, ಮಾರುವವರ ಮೆಕ್ಯಾನಿಕ್ ಬೇಡ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಿ. ಹೊಸ ಪೇಂಟ್ ನೋಡಿ ಮರುಳಾಗಬೇಡಿ, ಚಾಸಿಯ ಕೆಳಗೆ ಮಲಗಿ ವೆಲ್ಡಿಂಗ್ ಗುರುತು ಹುಡುಕಿ. ಬಾಕಿ ಟ್ಯಾಕ್ಸ್, ದಂಡ ಆನ್‌ಲೈನಿನಲ್ಲಿ ನೋಡಿ. ಹಳೇ ಸಾಲ ತೀರಿದ್ದರೆ ಫೈನಾನ್ಸ್‌ನ ಎನ್‌ಒಸಿ (ಬಾಕಿಯಿಲ್ಲ, ಆಕ್ಷೇಪವಿಲ್ಲ ಎನ್ನುವ ಪತ್ರ) ಮತ್ತು ಆರ್‌ಸಿಯಿಂದ ಸಾಲದ ನಮೂದು ತೆಗೆಸಲು ಫಾರಂ 35, ಹೆಸರು ಬದಲಿಸಲು ಫಾರಂ 29 ಮತ್ತು 30. ಈ ನಾಲ್ಕೂ ಕೈಗೆ ಬರುವವರೆಗೆ ಅಡ್ವಾನ್ಸ್ ಬಿಟ್ಟು ಒಂದು ರೂಪಾಯಿಯನ್ನೂ ಕೊಡಬೇಡಿ.