ಪೇಸ್ ಹೋದ್ಮೇಲೆ ನಾನು ಬೌಲಿಂಗ್ ಉಳಿಸ್ಕೊಂಡಿದ್ದು ಹೀಗೆ

ಪೇಸ್ ಕಮ್ಮಿ ಆಗಿದೆ ಅಂತ ನಂಗೆ ಹೇಳಿದ್ದು ಸ್ಪೀಡ್ ಗನ್ ಅಲ್ಲ, ಬ್ಯಾಟ್ಸ್‌ಮನ್‌ಗಳು. ಶಾರ್ಟ್ ಬಾಲ್ ಹಾಕಿದ್ರೆ ಮೊದಲು ತಡವಾಗಿ ಬ್ಯಾಟ್ ಬೀಸಿ ಫೈನ್ ಲೆಗ್ ಕಡೆ ಹೋಗ್ತಿದ್ದ ಪುಲ್ ಈಗ ಮಿಡ್ ವಿಕೆಟ್ ಮುಂದೆ ಹೋಗೋಕೆ ಶುರುವಾಯ್ತು, ಎಡ್ಜ್ ತಾಗಿದ್ದು ಸ್ಲಿಪ್‌ಗೆ ತಲುಪದೆ ಮುಂದೇನೇ ಬೀಳ್ತಿತ್ತು. ನಲವತ್ತರ ಹತ್ರ ಬಂದಿರೋ ಯಾವ ಫಾಸ್ಟ್ ಬೌಲರ್‌ಗಾದ್ರೂ ಇವೆರಡು ಕಂಡ್ರೆ ಸಾಕು, ಬೇರೆ ಪ್ರೂಫ್ ಬೇಡ.

140 ಕಿ.ಮೀ. ವೇಗದ ಬಾಲ್‌ಗೂ 125ರ ಬಾಲ್‌ಗೂ ಬ್ಯಾಟ್ ಮುಟ್ಟೋ ಹೊತ್ತಿಗೆ ಹೆಚ್ಚುಕಮ್ಮಿ 0.05 ಸೆಕೆಂಡ್ ವ್ಯತ್ಯಾಸ ಅಷ್ಟೇ. ಆದ್ರೆ ಆ ಚೂರು ಟೈಮಲ್ಲೇ ಒಳ್ಳೆ ಬ್ಯಾಟ್ಸ್‌ಮನ್ ಬಾಲ್ ಪಿಚ್ ಆದ್ಮೇಲೂ ಅಡ್ಜಸ್ಟ್ ಮಾಡ್ಕೊಂಡುಬಿಡ್ತಾನೆ. ಹಾಗಾಗಿ ನಾನು ಜಾಸ್ತಿ ಜೋರಾಗಿ ಹಾಕೋಕೆ ಹೋಗ್ಲಿಲ್ಲ, ಬಾಲ್‌ನ ಇನ್ನೊಂದು ಚೂರು ಮುಂದೆ ಪಿಚ್ ಮಾಡೋಕೆ ಶುರು ಮಾಡ್ದೆ, ಪಿಚ್ ಆಗಿ ಬ್ಯಾಟ್‌ಗೆ ಬರೋ ದಾರಿ ಚಿಕ್ಕದಾದ್ರೆ ಅವನಿಗೆ ಸಿಗೋ ಟೈಮೂ ಕಮ್ಮಿ ಅಲ್ವಾ.

ಅದಕ್ಕೆ ಬ್ಯಾಟ್ಸ್‌ಮನ್‌ಗಳು ಕಂಡ್ಕೊಂಡ ಉತ್ತರ ಕ್ರೀಸ್ ಬಿಟ್ಟು ಮುಂದೆ ನಿಲ್ಲೋದು. ಅಲ್ಲಿ ಸ್ವಿಂಗ್ (ಗಾಳಿಯಲ್ಲಿ ಬಾಲ್ ತಿರುಗೋದು) ಪೂರ್ತಿ ಆಗೋಕ್ಕೆ ಮುಂಚೇನೇ ಆಡಿಬಿಡ್ತಾರೆ, ಎಲ್‌ಬಿಡಬ್ಲ್ಯೂನೂ ಸಿಗಲ್ಲ. ನನ್ನ ಪ್ರಕಾರ ಪೇಸ್ ಹೋದ ಬೌಲರ್‌ಗೆ ದೊಡ್ಡ ಆಯುಧ ಸ್ಲೋವರ್ ಬಾಲ್ ಅಲ್ಲ, ಸ್ಟಂಪ್ಸ್ ಹತ್ರ ನಿಲ್ಲೋ ಕೀಪರ್. ಫಾಸ್ಟ್ ಬೌಲರ್‌ಗೆ ಕೀಪರ್‌ನ ಮುಂದೆ ಕರೆಯೋದು ಅವಮಾನ ಅಂತ ತುಂಬಾ ಜನ ಅಂದ್ಕೊತಾರೆ, ದಯವಿಟ್ಟು ಹಾಗೆ ಅಂದ್ಕೊಬೇಡಿ, ಕೀಪರ್ ಬಂದು ನಿಂತ ತಕ್ಷಣ ಸ್ಟಂಪಿಂಗ್ ಭಯಕ್ಕೆ ಬ್ಯಾಟ್ಸ್‌ಮನ್ ಹಿಂದಿನ ಕಾಲು ಕ್ರೀಸ್ ಒಳಗೆ ಹೋಗುತ್ತೆ, ಮತ್ತೆ ಬೌಲ್ಡ್, ಎಲ್‌ಬಿಡಬ್ಲ್ಯೂ ಎರಡೂ ಆಟಕ್ಕೆ ಬರುತ್ತೆ.

ಆಮೇಲೆ ವಾಬಲ್ ಸೀಮ್, ಅಂದ್ರೆ ಬಾಲ್‌ನ ಹೊಲಿಗೆ (ಸೀಮ್) ಅಲ್ಲಾಡ್ತಾ ಹೋಗೋ ಹಾಗೆ ಹಾಕೋದು. ಇಂಗ್ಲೆಂಡ್‌ನ ಜೇಮ್ಸ್ ಆಂಡರ್ಸನ್ ಇದನ್ನ 2010ರಲ್ಲಿ ಪಾಕಿಸ್ತಾನದ ಮೊಹಮ್ಮದ್ ಆಸಿಫ್‌ನ ನೋಡಿ ಕಲ್ತಿದ್ದು, 2024ರಲ್ಲಿ 704 ವಿಕೆಟ್ ಜೊತೆ ಟೆಸ್ಟ್‌ನಿಂದ ನಿವೃತ್ತಿ ಆದಾಗ ವಯಸ್ಸು 41. ನಾನು ಹಾಕೋದು ಹೀಗೆ: ಸೀಮ್ ಮೇಲೆ ಅಂಟಿಸಿಡ್ತಿದ್ದ ಎರಡು ಬೆರಳನ್ನ ಅಗಲ ಮಾಡಿ ಸೀಮ್‌ನ ಆಚೆ ಈಚೆ ಇಡ್ತೀನಿ, ಹಿಡಿತ ಸ್ವಲ್ಪ ಸಡಿಲ, ಮಣಿಕಟ್ಟು ಮಾತ್ರ ನೇರ. ಸೀಮ್ ಅಲ್ಲಾಡ್ಕೊಂಡು ಹೋಗಿ ಬೀಳುತ್ತೆ, ಯಾವ ಕಡೆ ತಿರುಗುತ್ತೆ ಅಂತ ನಂಗೂ ಗೊತ್ತಿರಲ್ಲ, ಹಾಗಾಗಿ ನನ್ನ ಕೈ ನೋಡಿ ಅವನು ಕಂಡುಹಿಡಿಯೋಕೆ ಏನೂ ಇಲ್ಲ. ಒಣಗಿದ ಪಿಚ್ ಆದ್ರೆ ಕಟರ್, ಅಂದ್ರೆ ಬಿಡುವಾಗ ಬೆರಳನ್ನ ಬಾಲ್ ಪಕ್ಕಕ್ಕೆ ಎಳೆದು ತಿರುಗಿಸೋ ಬಾಲ್.

ರನ್ ಅಪ್ (ಬಾಲ್ ಹಾಕೋಕೆ ಓಡಿ ಬರೋ ದೂರ) ಕಟ್ ಮಾಡಿದ್ದು ಮೊಣಕಾಲಿಗೋಸ್ಕರ. ನ್ಯೂಜಿಲೆಂಡ್‌ನ ರಿಚರ್ಡ್ ಹ್ಯಾಡ್ಲಿ ಹಾಗೇ ಮಾಡಿ 39ನೇ ವಯಸ್ಸಿನವರೆಗೂ ಟೆಸ್ಟ್ ಆಡಿದ್ರು, ಜಹೀರ್ ಖಾನ್ 2006ರಲ್ಲಿ ಇಂಗ್ಲೆಂಡ್‌ನ ಕೌಂಟಿ ಕ್ರಿಕೆಟ್ ಆಡಿ ಬಂದ್ಮೇಲೆ ಅವರ ರನ್ ಅಪ್ಪೂ ಚಿಕ್ಕದಾಗಿತ್ತು. ಒಂದೇ ಎಚ್ಚರಿಕೆ, ಹೆಜ್ಜೆ ಕಮ್ಮಿ ಮಾಡಿದ್ರೂ ಕೊನೆ ನಾಲ್ಕೈದು ಹೆಜ್ಜೆ ರಭಸ ಬಿಡ್ಬೇಡಿ, ಬಿಟ್ರೆ ಪೂರ್ತಿ ಭಾರ ಭುಜದ ಮೇಲೆ ಬೀಳುತ್ತೆ.

ಈಗ ನೆಟ್ಸಲ್ಲಿ ನಾನು ಜಾಸ್ತಿ ಕೆಲ್ಸ ಮಾಡೋದು ನಮ್ಮ ಕೀಪರ್ ಜೊತೆ. ಲೆಗ್ ಸೈಡ್ ಬಾಲ್ ಬಂದಾಗ ಬ್ಯಾಟ್ಸ್‌ಮನ್ ಮೈ ಅಡ್ಡ ಬಂದು ಕೀಪರ್‌ಗೆ ಕಾಣಲ್ಲ, ಅದಕ್ಕೆ ಇನ್‌ಸ್ವಿಂಗರ್ (ಬ್ಯಾಟ್ಸ್‌ಮನ್ ಕಡೆ ಒಳಗೆ ತಿರುಗೋ ಬಾಲ್) ಹಾಕೋ ಮುಂಚೆ ನಾನೊಂದು ಸನ್ನೆ ಮಾಡ್ತೀನಿ.