ಕರಿಬೇವಿನ ಕುಂಡದಲ್ಲಿ ಚಿಟ್ಟೆಯ ಪಾಠ

ಗೋಡೆಯ ಚಾರ್ಟಿನಲ್ಲಿ ಚಿಟ್ಟೆಯ ಬದುಕು ನಾಲ್ಕು ಚಿತ್ರ, ನಾಲ್ಕು ಬಾಣಗಳಲ್ಲಿ ಮುಗಿದುಹೋಗುತ್ತದೆ. ಐದು ವರ್ಷದ ಮಗು ನೋಡಬೇಕಾದದ್ದೆಲ್ಲ ಆ ಬಾಣಗಳ ಜಾಗದಲ್ಲಿ ನಡೆಯುತ್ತದೆ. ಅದನ್ನು ತೋರಿಸಲು ಮನೆಯಲ್ಲೊಂದು ಕರಿಬೇವಿನ ಗಿಡವಿದ್ದರೆ ಸಾಕು. ನಿಂಬೆ ಚಿಟ್ಟೆ ಮೊಟ್ಟೆ ಇಡುವುದು ನಿಂಬೆ, ಕರಿಬೇವಿನ ಜಾತಿಯ ಗಿಡಗಳ ಮೇಲೆ. ಮೊಟ್ಟೆ ಚಿಟ್ಟೆಯಾಗಲು ಹೆಚ್ಚುಕಡಿಮೆ ಒಂದು ತಿಂಗಳು.

ಮಳೆ ಬಿದ್ದು ಗಿಡ ಚಿಗುರಿದಾಗ ಹುಡುಕಿ. ಎಳೆ ಎಲೆಯ ಮೇಲೆ ಒಂಟಿಯಾಗಿ ಕೂತ, ರಾಗಿ ಕಾಳಿನಷ್ಟು ದೊಡ್ಡ, ತೆಳು ಹಳದಿ ಗುಂಡು ಕಂಡರೆ ಅದೇ ಮೊಟ್ಟೆ. ಮೊಟ್ಟೆಯನ್ನು ಕೀಳದೆ ರೆಂಬೆಯನ್ನೇ ಕತ್ತರಿಸಿ ತನ್ನಿ. ಬೆಳೆದ ಹುಳುವನ್ನು ತಂದರೆ ಅದರೊಳಗೆ ಪರಾವಲಂಬಿ ಕಣಜದ ಮರಿಗಳು ಆಗಲೇ ಸೇರಿರಬಹುದು, ಹಾಗಾಗಿ ಮೊಟ್ಟೆಯಿಂದ ಶುರುಮಾಡುವುದೇ ಲೇಸು.

ಅಗಲ ಬಾಯಿಯ, ಒಂದಡಿ ಎತ್ತರದ ಪಾರದರ್ಶಕ ಡಬ್ಬಿ ತೆಗೆದುಕೊಳ್ಳಿ. ತಳಕ್ಕೆ ಪತ್ರಿಕೆಯ ಹಾಳೆ ಹಾಸಿ, ಬಾಯಿಗೆ ಸೊಳ್ಳೆಪರದೆಯ ತುಂಡು ಹೊದಿಸಿ ರಬ್ಬರ್ ಬ್ಯಾಂಡ್ ಹಾಕಿ. ಮುಚ್ಚಳ ಹಾಕಿದರೆ ಒಳಗೆ ನೀರಿನ ಹನಿ ಕಟ್ಟಿ, ಹಿಕ್ಕೆಗೆ ಬೂಷ್ಟು ಹಿಡಿದು ಹುಳು ಸಾಯುತ್ತದೆ. ರೆಂಬೆಯನ್ನು ನೀರಿರುವ ಪುಟ್ಟ ಸೀಸೆಯಲ್ಲಿ ನಿಲ್ಲಿಸಿ, ಸೀಸೆಯ ಬಾಯಿಗೆ ಹತ್ತಿ ತುರುಕಿ. ಹತ್ತಿ ಮರೆತರೆ ಹುಳು ಕಾಂಡ ಹಿಡಿದು ಇಳಿದು ನೀರಿಗೆ ಬೀಳುತ್ತದೆ. ಒಂದು ಡಬ್ಬಿಗೆ ಎರಡು ಹುಳು ಸಾಕು. ಡಬ್ಬಿಗೆ ನೇರ ಬಿಸಿಲು ಬೀಳಬಾರದು.

ಅಂಗಡಿಯ ಕರಿಬೇವು ಮಾತ್ರ ಬೇಡವೇ ಬೇಡ. ಎಷ್ಟು ತೊಳೆದರೂ ಅದರಲ್ಲಿ ಕೀಟನಾಶಕ ಉಳಿದಿರಬಹುದು. ತಿಂದ ಹುಳು ಹಸಿರು ನೀರು ಕಕ್ಕಿ ಸತ್ತರೆ ಆ ಸಂಕಟ ಮಗುವಿಗೂ ತಟ್ಟುತ್ತದೆ.

ಮೂರು–ನಾಲ್ಕು ದಿನಕ್ಕೆ ಮೊಟ್ಟೆಯೊಡೆದು ಬಂದ ಮರಿಯ ಮೊದಲ ತುತ್ತು ಅದೇ ಮೊಟ್ಟೆಯ ಚಿಪ್ಪು. ಭೂತಗನ್ನಡಿ ಕೊಟ್ಟು ತೋರಿಸಿ. ಪುಸ್ತಕಗಳು ಎಲ್ಲ ಹುಳುವನ್ನೂ ‘ಕಂಬಳಿಹುಳು’ ಎನ್ನುತ್ತವೆ, ಮಕ್ಕಳು ತುರಿಕೆಯ ಭಯದಲ್ಲಿ ದೂರ ಸರಿಯುತ್ತಾರೆ. ಈ ಹುಳುವಿಗೆ ತುರಿಸುವ ರೋಮವಿಲ್ಲ. ಮೊದಮೊದಲು ಇದು ಥೇಟ್ ಹಕ್ಕಿಯ ಹಿಕ್ಕೆ: ಕಂದು ಮೈ, ಬಿಳಿ ಪಟ್ಟೆ. ‘ಹಕ್ಕಿ ಇದನ್ನು ತಿನ್ನುತ್ತದಾ?’ ಎಂದು ಕೇಳಿ, ಉತ್ತರ ಮಗುವಿನಿಂದಲೇ ಬರಲಿ. ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ನಾಲ್ಕನೆಯದರ ನಂತರ ಎಲೆಹಸಿರು! ಹುಲ್ಲುಕಡ್ಡಿಯಿಂದ ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಕವಲೊಂದು ಚಿಮ್ಮಿ ಘಾಟು ವಾಸನೆ ಬರುತ್ತದೆ. ಒಮ್ಮೆ ತೋರಿಸಿದರೆ ಸಾಕು, ಆಟವಾಗಬಾರದು.

ದಿನವೂ ಬೆಳಿಗ್ಗೆ ಹಿಕ್ಕೆ ತೆಗೆದು ಹೊಸ ಎಲೆ ಹಾಕಿ. ಹುಳುವನ್ನು ಕೈಯಿಂದ ಎಳೆಯದೆ, ಅದು ಕೂತ ಎಲೆಯನ್ನೇ ಹೊಸ ರೆಂಬೆಯ ಮೇಲಿಡಿ. ತಿನ್ನದೆ ಒಂದೇ ಕಡೆ ಕೂತಿದ್ದರೆ ಕಾಯಿಲೆ ಎಂದುಕೊಳ್ಳಬೇಡಿ. ಅದು ಪೊರೆ ಬಿಡುವ ಹೊತ್ತು, ಒಂದು ದಿನ ಅದರ ತಂಟೆಗೆ ಹೋಗಬಾರದು. ಮಗು ಪಟ್ಟಿಯೊಂದರಲ್ಲಿ ಹುಳುವಿನಷ್ಟೇ ಉದ್ದದ ಗೆರೆ ಎಳೆಯುತ್ತಾ ಹೋಗಲಿ. ಗೆರೆ ಕೊನೆಗೆ ಸುಮಾರು 4 ಸೆಂ.ಮೀ. ಮುಟ್ಟುತ್ತದೆ.

ಎರಡು ವಾರದ ಮೇಲೆ ಹುಳು ತಿನ್ನುವುದು ಬಿಟ್ಟು, ಒದ್ದೆ ಹಿಕ್ಕೆ ಹಾಕಿ, ಡಬ್ಬಿ ತುಂಬ ಅಲೆಯುತ್ತದೆ. ಆಗ ಒರಟು ಕಡ್ಡಿಯೊಂದನ್ನು ಓರೆಯಾಗಿ ನಿಲ್ಲಿಸಿ. ಹುಳು ಅದಕ್ಕೆ ಬಾಲ ಅಂಟಿಸಿ, ಸೊಂಟಕ್ಕೊಂದು ರೇಷ್ಮೆ ಎಳೆ ಸುತ್ತಿಕೊಂಡು ಒರಗುತ್ತದೆ. ಮರುದಿನ ಚರ್ಮ ಕಳಚಿದರೆ ಒಳಗಿರುವುದೇ ಕೋಶ. ರೇಷ್ಮೆಹುಳು ಗೂಡು ಕಟ್ಟುವುದನ್ನು ಕಂಡ ಮಕ್ಕಳು ಇದಕ್ಕೂ ‘ಗೂಡು’ ಎನ್ನುತ್ತಾರೆ. ರೇಷ್ಮೆಗೂಡು ಹುಳು ನೂತ ಹೊದಿಕೆ, ಕೋಶವೋ ಹುಳುವಿನ ಮೈಯೇ. ಈ ವ್ಯತ್ಯಾಸವನ್ನು ನಿಧಾನವಾಗಿ ಬಿಡಿಸಿ ಹೇಳಿ. ಕೋಶ ಕೆಳಗೆ ಬಿದ್ದರೆ ಹತ್ತಿಯ ಮೇಲಿಟ್ಟು, ಪಕ್ಕದಲ್ಲಿ ಹತ್ತಲು ಕಡ್ಡಿ ಒರಗಿಸಿ. ಕೋಶದಲ್ಲಿ ಸಣ್ಣ ತೂತು ಕಂಡರೆ ಅದು ಕಣಜದ ಕೆಲಸ, ಮಗುವಿಗೆ ಇದ್ದದ್ದನ್ನು ಇದ್ದಂತೆ ಹೇಳಿ.

ಎಂಟು–ಹತ್ತು ದಿನಕ್ಕೆ ಕೋಶ ಕಪ್ಪಾಗಿ ರೆಕ್ಕೆಯ ಹಳದಿ ಚುಕ್ಕೆಗಳು ಹೊರಗೇ ಕಾಣುತ್ತವೆ. ಮರುದಿನ ಬೆಳಿಗ್ಗೆ ಬೇಗ ಎಬ್ಬಿಸಿ. ಹೊರಬಂದ ಚಿಟ್ಟೆಯ ರೆಕ್ಕೆ ಒದ್ದೆ ಬಟ್ಟೆಯಂತೆ ಮುದುಡಿರುತ್ತದೆ. ಮೈಯ ದ್ರವ ನರಗಳಿಗೆ ಹರಿದಂತೆ ಅದು ಬಿಚ್ಚಿಕೊಳ್ಳುತ್ತದೆ. ಆಗ ನೇತಾಡಲು ಜಾಗವಿಲ್ಲದಿದ್ದರೆ ರೆಕ್ಕೆ ಸೊಟ್ಟಗೇ ಒಣಗಿ ಚಿಟ್ಟೆ ಎಂದಿಗೂ ಹಾರಲಾರದು. ಕೆಳಗೆ ಬೀಳುವ ಬಣ್ಣದ ಹನಿ ರಕ್ತವಲ್ಲ, ಕೋಶದಲ್ಲಿ ಉಳಿದಿದ್ದ ಕಸ.

ಎರಡು–ಮೂರು ಗಂಟೆ ಬಿಟ್ಟು ಬಿಸಿಲು ಬಂದಾಗ ಪರದೆ ತೆಗೆಯಿರಿ. ಜೋರು ಮಳೆಯಿದ್ದರೆ ಮರುದಿನದವರೆಗೆ ಇಟ್ಟುಕೊಳ್ಳಿ, ಒಂದು ಚಮಚ ಸಕ್ಕರೆ ಹತ್ತು ಚಮಚ ನೀರಿನಲ್ಲಿ ಕರಗಿಸಿ ಹತ್ತಿ ಅದ್ದಿಡಿ. ರೆಕ್ಕೆ ಮುಟ್ಟದೆ, ಕಡ್ಡಿಯ ಸಮೇತ ಕರಿಬೇವಿನ ಗಿಡದ ಬಳಿ ಬಿಡಲಿ. ಖಾಲಿ ಕೋಶವನ್ನು ಗೆರೆಗಳ ಪಟ್ಟಿಯ ಕೊನೆಗೆ ಅಂಟಿಸಬಹುದು.