3,000 ರಿಯಾಲ್ ಅಂದರೆ ಊರಲ್ಲಿ ಎಷ್ಟು?

ತೋರಣಗಲ್ಲು, ಗಿಣಿಗೇರಿ, ಶಕ್ತಿನಗರದ ಪ್ಲಾಂಟ್‌ಗಳಲ್ಲಿ ನಾಲ್ಕೈದು ವರ್ಷ ಪಳಗಿದ ಎಲೆಕ್ಟ್ರಿಷಿಯನ್, ಫಿಟ್ಟರ್, ವೆಲ್ಡರ್‌ಗಳಿಗೆ ಗಲ್ಫ್ ಆಫರ್ ಬರುವುದು ಸಾಮಾನ್ಯವಾಗಿ ವಾಟ್ಸಾಪ್‌ನಲ್ಲಿ, ಒಂದೇ ಸಾಲಿನಲ್ಲಿ: ‘ಸೌದಿ, 3,000 ರಿಯಾಲ್, ರೂಮು ಕಂಪನಿದು.’ ಓದಿದವರು ಮೊದಲು ಮಾಡುವುದು ಗುಣಾಕಾರ. ರಿಯಾಲಿಗೆ 23 ರೂಪಾಯಿ ಹಿಡಿದರೆ 69,000. ಈಗಿನ ಪಗಾರ 38,000. ತಿಂಗಳಿಗೆ 31,000 ಹೆಚ್ಚು ಅಂತ ಮನಸ್ಸು ಅರ್ಧ ವಿಮಾನ ಹತ್ತಿಬಿಡುತ್ತದೆ. ನಾನು ಆಫರ್ ಪೇಪರ್ ನೋಡುವಾಗ ಈ ಗುಣಾಕಾರವನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಮೊದಲು ಬೇಕಾಗಿರುವುದು ಇಲ್ಲಿನ ಲೆಕ್ಕ.

ಇಲ್ಲಿನ ಲೆಕ್ಕದಲ್ಲಿ ಕೈಗೆ ಬರುವ ಪಗಾರವನ್ನಷ್ಟೇ ಹಿಡಿದರೆ ತಪ್ಪಾಗುತ್ತದೆ. ಪರ್ಮನೆಂಟ್ ನೌಕರನೊಬ್ಬನ ಉದಾಹರಣೆ ತೆಗೆದುಕೊಳ್ಳೋಣ: ಕೈಗೆ 38,000, ಬೇಸಿಕ್ 18,000. ಬಾಡಿಗೆ, ರೇಷನ್, ಸ್ಕೂಲ್ ಫೀ, ಬೈಕ್ ಕಂತು ಸೇರಿ ಮನೆ ಖರ್ಚು 24,000. ಉಳಿಯುವುದು 14,000. ಅದರ ಮೇಲೆ ಪಿಎಫ್ ಇದೆ. ಬೇಸಿಕ್‌ನ 12 ಪರ್ಸೆಂಟ್ ಅಂದರೆ 2,160, ಎರಡೂ ಕಡೆಯಿಂದ 4,320. ಅದರಲ್ಲಿ 1,250 ಪೆನ್ಷನ್ ಖಾತೆಗೆ ಹೋಗುತ್ತದೆ, ಉಳಿದ 3,070 ನಿಮ್ಮ ರೊಕ್ಕ. ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಕಂಪನಿ ಕೊಡುವ ಇಡುಗಂಟು, ವರ್ಷಕ್ಕೆ ಬೇಸಿಕ್‌ನ 26ರಲ್ಲಿ 15 ಭಾಗ, ತಿಂಗಳಿಗೆ ಹಂಚಿದರೆ 865. ಬೋನಸ್ ವರ್ಷಕ್ಕೊಂದು ಬೇಸಿಕ್ ಅಂತ ಹಿಡಿದರೆ ತಿಂಗಳಿಗೆ 1,500. ಎಲ್ಲಾ ಕೂಡಿದರೆ 19,435. ಈ ಮನುಷ್ಯನ ನಿಜವಾದ ಉಳಿತಾಯ ಇದು, ಆತ ಹೇಳಿಕೊಳ್ಳುವ 14,000 ಅಲ್ಲ. ಬೇಕಾದರೆ ಮನೆಯವರಿಗೆ ಇರುವ ಇಎಸ್‌ಐ ಅಥವಾ ಕಂಪನಿ ಮೆಡಿಕಲ್ಲನ್ನೂ ಸೇರಿಸಿಕೊಳ್ಳಿ. ನಾನು ಅದನ್ನು ರೊಕ್ಕಕ್ಕೆ ಇಳಿಸುವುದಿಲ್ಲ, ಪಕ್ಕದಲ್ಲಿ ಬರೆದಿಟ್ಟುಕೊಳ್ಳುತ್ತೇನೆ.

ಈಗ ಆ 3,000 ರಿಯಾಲನ್ನು ಬಿಚ್ಚಬೇಕು. ಏಜೆಂಟ್ ಹೇಳುವ ಮೊತ್ತ ಯಾವತ್ತೂ ಒಂದೇ ಗಂಟು. ಒಳಗೆ ಏನಿದೆ ಅಂತ ಕೇಳಿದಾಗ ಇಂಥದ್ದು ಹೊರಬರುತ್ತದೆ: ಬೇಸಿಕ್ 2,000, ಊಟಕ್ಕೆ 300, ಫಿಕ್ಸ್ ಓಟಿ (ಹೆಚ್ಚುವರಿ ತಾಸಿನ ಪಗಾರ) 700. ಅಂದರೆ ದಿನಕ್ಕೆ ಹತ್ತು ತಾಸು ಡ್ಯೂಟಿ. ಸೌದಿಯಲ್ಲಿ ಓಟಿ ತಾಸಿಗೆ ಒಟ್ಟು ಪಗಾರದ ತಾಸಿನ ದರ, ಅದರ ಮೇಲೆ ಬೇಸಿಕ್ ದರದ ಅರ್ಧ ಕೊಡಬೇಕು. ಬೇಸಿಕ್, ಊಟ ಸೇರಿದ 2,300ನ್ನು 240 ತಾಸಿಗೆ (30 ದಿನ, ದಿನಕ್ಕೆ 8 ತಾಸು) ಭಾಗಿಸಿದರೆ 9.58, ಬೇಸಿಕ್ ಭಾಗದ ಅರ್ಧ 4.17, ಕೂಡಿದರೆ 13.75. ದಿನಕ್ಕೆ ಎರಡು ತಾಸಿನಂತೆ 26 ದಿನಕ್ಕೆ 52 ತಾಸು, ಮೊತ್ತ 715. ಕಂಪನಿ 700 ಕೊಡುತ್ತಿದೆ, ಬಹುತೇಕ ಸರಿಯಾಗಿದೆ. ಇದೇ ಜಾಗದಲ್ಲಿ 400 ಅಂತ ಬರೆದಿದ್ದರೆ ಆ ಪೇಪರ್ ಅಲ್ಲೇ ಮಡಚಿಡಬಹುದು. ತಾಸಿನ ಲೆಕ್ಕದಲ್ಲಿ ಕಡಿಮೆ ಕೊಡುವವರು ಉಳಿದ ಕಡೆ ಧಾರಾಳವಾಗಿ ಇರುವುದು ಅಪರೂಪ.

ಅಲ್ಲಿನ ಖರ್ಚು ನೋಡಿ. ರೂಮು, ಬಸ್ಸು ಕಂಪನಿಯದು ಅಂದರೂ ಮೆಸ್‌ಗೆ 450, ಫೋನು-ಡೇಟಾ 75, ಸೋಪು, ಕಟಿಂಗ್, ಬಟ್ಟೆಗೆ 100, ಗುಳಿಗೆ, ಶುಕ್ರವಾರದ ಓಡಾಟ, ಕೈತಪ್ಪಿ ಆಗುವ ಖರ್ಚು 125, ರೊಕ್ಕ ಕಳಿಸುವ ಚಾರ್ಜು 20. ಒಟ್ಟು 770. ಇವು ನನ್ನ ಅಂದಾಜು, ನಿಮ್ಮ ಕ್ಯಾಂಪಿನವರನ್ನು ಕೇಳಿ ತಿದ್ದಿಕೊಳ್ಳಿ. ಸೌದಿಯಲ್ಲಿ 2020ರ ಜುಲೈನಿಂದ ವ್ಯಾಟ್ 15 ಪರ್ಸೆಂಟ್, ಯುಎಇಯಲ್ಲಿ 5. ಹಾಗಾಗಿ ದುಬೈಯಲ್ಲಿರುವ ಗೆಳೆಯನ ಖರ್ಚಿನ ಲೆಕ್ಕ ಸೌದಿಯ ಜುಬೈಲ್‌ಗೆ ಹೊಂದುವುದಿಲ್ಲ. 770 ಕಳೆದರೆ 2,230 ರಿಯಾಲ್, ರೂಪಾಯಿಯಲ್ಲಿ 51,290.

ಇದರಲ್ಲಿ ಮನೆ ಖರ್ಚು ಕಳೆಯುವಾಗ ಬಹಳ ಜನ ಎಡವುತ್ತಾರೆ. ನೀವಿಲ್ಲ ಅಂದ ಮಾತ್ರಕ್ಕೆ ಮನೆ ಖರ್ಚು ಅರ್ಧ ಆಗುವುದಿಲ್ಲ. ನಿಮ್ಮ ಊಟ, ಪೆಟ್ರೋಲ್, ಚಹಾ ಸೇರಿ 5,000 ಇಳಿಯಬಹುದು. ಆದರೆ ನೀವು ಮಾಡುತ್ತಿದ್ದ ಕೆಲಸವನ್ನು ಯಾರಾದರೂ ಮಾಡಬೇಕು. ಅಪ್ಪನನ್ನು ಆಸ್ಪತ್ರೆಗೆ ಕರೆದೊಯ್ಯಲು ಆಟೋ, ಹೊಲಕ್ಕೆ ಒಂದು ಆಳು, ಕೆಟ್ಟ ಮೋಟಾರಿಗೆ ಮೆಕ್ಯಾನಿಕ್. ಅದಕ್ಕೆ 3,000 ಹಿಡಿಯುತ್ತೇನೆ. ಹೀಗೆ 24,000 ಇದ್ದದ್ದು 22,000 ಆಗುತ್ತದೆ, ಅಷ್ಟೇ. ಉಳಿದದ್ದು ತಿಂಗಳಿಗೆ 29,290.

ಒಪ್ಪಂದ ಎರಡು ವರ್ಷದ್ದು ಇದ್ದರೆ ಲೆಕ್ಕವೂ 24 ತಿಂಗಳದ್ದೇ ಆಗಬೇಕು. 29,290 ಗುಣಿಸು 24, ಅಂದರೆ 7,02,960. ಸೌದಿಯಲ್ಲಿ ಮೊದಲ ಐದು ವರ್ಷ ವರ್ಷಕ್ಕೆ ಅರ್ಧ ತಿಂಗಳ ಪಗಾರ ಸರ್ವಿಸ್ ಬೆನಿಫಿಟ್, ಅಂದರೆ ಅಲ್ಲಿನ ಗ್ರಾಚ್ಯುಟಿ. ಓಟಿ ಬಿಟ್ಟು 2,300ರ ಮೇಲೆ ಎರಡು ವರ್ಷಕ್ಕೆ 2,300 ರಿಯಾಲ್, 52,900 ರೂಪಾಯಿ. ಒಪ್ಪಂದದ ಅವಧಿ ಮುಗಿಸಿ ಬಂದರೆ ಇದು ಪೂರ್ತಿ ಸಿಗುತ್ತದೆ. ನಡುವೆ ರಾಜೀನಾಮೆ ಕೊಟ್ಟರೆ ಎರಡು ವರ್ಷದೊಳಗೆ ಸೊನ್ನೆ, ಎರಡರಿಂದ ಐದು ವರ್ಷದ ನಡುವೆ ಮೂರರಲ್ಲೊಂದು ಪಾಲು. ಹೋಗುವ ಖರ್ಚು ಕಳೆಯಿರಿ: ನೋಂದಾಯಿತ ಏಜೆಂಟ್ ಕಾನೂನಿನಂತೆ ಪಡೆಯಬಹುದಾದ ಫೀ ಹೆಚ್ಚೆಂದರೆ 30,000, ಜಿಎಸ್‌ಟಿ ಸೇರಿ 35,400. ಮೆಡಿಕಲ್, ಪೊಲೀಸ್ ಕ್ಲಿಯರೆನ್ಸ್, ಸ್ಕಿಲ್ ಟೆಸ್ಟ್, ಬೆಂಗಳೂರು-ಹೈದರಾಬಾದ್ ಓಡಾಟಕ್ಕೆ 20,000. ರಜೆಗೆ ಬಂದಾಗ ಸಾಮಾನು, ಉಡುಗೊರೆ, ಓಡಾಟಕ್ಕೆ 40,000. ಕೊನೆಗೆ ನಿಲ್ಲುವುದು 6,60,460.

ಊರಲ್ಲೇ ಇದ್ದಿದ್ದರೆ 19,435 ಗುಣಿಸು 24, ಅಂದರೆ 4,66,440. ವ್ಯತ್ಯಾಸ 1,94,020. ತಿಂಗಳಿಗೆ 8,084 ರೂಪಾಯಿ.

31,000 ಅಂತ ಕಂಡದ್ದು 8,000 ಆಯಿತು. ಅದೂ ತಿಂಗಳಿಗೆ 52 ತಾಸು ಹೆಚ್ಚು ದುಡಿದು. ತಾಸಿಗೆ 155 ರೂಪಾಯಿ ಬಿತ್ತು. ಇಲ್ಲಿನ ಇನ್‌ಕ್ರಿಮೆಂಟನ್ನು ನಾನು ಇನ್ನೂ ಹಿಡಿದೇ ಇಲ್ಲ. ಎರಡನೇ ವರ್ಷ 8 ಪರ್ಸೆಂಟ್ ಏರಿದರೂ ವ್ಯತ್ಯಾಸ 6,500ರ ಸುತ್ತ ಬಂದು ನಿಲ್ಲುತ್ತದೆ.

ಇದೇ ಪೇಪರ್ ಗುತ್ತಿಗೆದಾರನ ಕೈಕೆಳಗೆ ದುಡಿಯುವ ಹುಡುಗನಿಗೆ ಬೇರೆಯೇ ಉತ್ತರ ಕೊಡುತ್ತದೆ. ಕೈಗೆ 19,000, ಮನೆ ಖರ್ಚು 17,500, ಪಿಎಫ್ ಬೇಸಿಕ್ 15,000 ಅಂತಿಟ್ಟುಕೊಳ್ಳಿ. ಪಿಎಫ್‌ನ 2,350 ಸೇರಿಸಿದರೂ ಆತನ ಉಳಿತಾಯ 3,850. ಅದೇ ಕ್ರಮದಲ್ಲಿ ಲೆಕ್ಕ ಹಾಕಿದರೆ ಸೌದಿಯಿಂದ 24 ತಿಂಗಳಲ್ಲಿ 8,16,460, ಇಲ್ಲಿ 92,400. ತಿಂಗಳಿಗೆ 30,000 ವ್ಯತ್ಯಾಸ. ‘ಈ ಪಗಾರ ಸಾಕಾ?’ ಅಂತ ಕೇಳಿದವರಿಗೆ ನಾನು ಅವರ ಇಲ್ಲಿನ ಸ್ಲಿಪ್ ನೋಡದೆ ಉತ್ತರ ಕೊಡದಿರುವುದು ಇದಕ್ಕೇ. ಒಂದೇ ಆಫರ್ ಒಬ್ಬನಿಗೆ ಬಾಳು ಬದಲಿಸುವಂಥದ್ದು, ಇನ್ನೊಬ್ಬನಿಗೆ ಎರಡು ವರ್ಷ ಮನೆ ಬಿಟ್ಟಿರುವಷ್ಟು ಬೆಲೆಯದ್ದಲ್ಲ. ಒಬ್ಬಂಟಿಯಾಗಿ ಹೋಗುವವರಿಗೆ ನನ್ನ ಅಳತೆ ಇಷ್ಟು: ಅಲ್ಲಿ ಉಳಿಯುವುದು ಇಲ್ಲಿ ಉಳಿಯುವುದರ ಎರಡು ಪಟ್ಟು ಇರಬೇಕು. ಮೇಲಿನ ಪರ್ಮನೆಂಟ್ ನೌಕರನಿಗೆ ಅದು ಒಂದೂವರೆ ಪಟ್ಟೂ ಆಗಲಿಲ್ಲ. ಆತ 3,500 ರಿಯಾಲ್ ಕೇಳಬೇಕು, ಇಲ್ಲವೇ ಇಲ್ಲೇ ಇರಬೇಕು.

ಸಾಲ ಮಾಡಿ ಹೋಗುವುದಾದರೆ ಬಡ್ಡಿಗೂ ಒಂದು ಸಾಲು ಬೇಕು. ನೂರಕ್ಕೆ ಎರಡು ರೂಪಾಯಿಯಂತೆ ಒಂದೂವರೆ ಲಕ್ಷ ಎತ್ತಿದರೆ ತಿಂಗಳಿಗೆ 3,000 ಬಡ್ಡಿಯೇ ಹೋಯಿತು. ಅಷ್ಟು ಸಾಲ ಬೇಕಾಗಿದೆ ಅಂದರೆ ಏಜೆಂಟ್ 35,400ಕ್ಕಿಂತ ಹೆಚ್ಚು ಕೇಳಿದ್ದಾನೆ ಅಂತಲೇ ಅರ್ಥ. ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಏಜೆಂಟನ ಲೈಸೆನ್ಸ್ ಹುಡುಕಿ ನೋಡಿ, ಫೀ ಬ್ಯಾಂಕ್ ಮೂಲಕವೇ ಕೊಟ್ಟು ರಸೀದಿ ಪಡೆಯಿರಿ. ಎಲ್ಲಿ ಬೇಕಾದರೂ ದುಡಿಯಬಹುದು ಅಂತ ಏಜೆಂಟರು ಮಾರುವ ‘ಆಜಾದ್ ವೀಸಾ’, ‘ಫ್ರೀ ವೀಸಾ’ ಅನ್ನುವ ವೀಸಾ ಯಾವ ದೇಶದ ಕಾನೂನಿನಲ್ಲೂ ಇಲ್ಲ. ವಿಸಿಟ್ ವೀಸಾದ ಮೇಲೆ ಕೆಲಸಕ್ಕೆ ಕರೆದರೆ ಈ ಲೆಕ್ಕ ಹಾಕುವ ಗೋಜಿಗೇ ಹೋಗಬೇಡಿ. ಹತ್ತನೇ ಕ್ಲಾಸ್ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್ (ಎಮಿಗ್ರೇಷನ್ ತಪಾಸಣೆ ಬೇಕಾದದ್ದು) ಇರುತ್ತದೆ. ಗಲ್ಫ್ ಸೇರಿ 18 ದೇಶಗಳಿಗೆ ಅಂಥವರಿಗೆ ಎಮಿಗ್ರೇಷನ್ ಕ್ಲಿಯರೆನ್ಸ್ ಬೇಕು, ಅದರ ಜೊತೆಗೆ 10 ಲಕ್ಷದ ಪ್ರವಾಸಿ ಭಾರತೀಯ ಬಿಮಾ ಯೋಜನೆಯೂ ಬರುತ್ತದೆ. ತಲೆನೋವು ಅಂತ ಬೈಯ್ಯುವವರಿದ್ದಾರೆ, ಆದರೆ ಆ ಕ್ಲಿಯರೆನ್ಸ್‌ಗೆ ಹೋಗುವ ಒಪ್ಪಂದದಲ್ಲಿ ಪಗಾರ ಬರವಣಿಗೆಯಲ್ಲಿ ಇರಲೇಬೇಕು.

ಯುಎಇ ಆಫರ್‌ಗಳಲ್ಲಿ ಕಣ್ಣಿಡಬೇಕಾದದ್ದು ಬೇಸಿಕ್ ಮೇಲೆ. ಎರಡು ಕಂಪನಿ 5,000 ದಿರ್ಹಮ್ ಕೊಡುತ್ತವೆ ಅನ್ನಿ. ಒಂದರಲ್ಲಿ ಬೇಸಿಕ್ 3,000, ಇನ್ನೊಂದರಲ್ಲಿ 2,000, ಉಳಿದದ್ದು ಅಲೋಯನ್ಸ್. ಅಲ್ಲಿ ಓಟಿ ಬೇಸಿಕ್‌ನ ಒಂದೂಕಾಲು ಪಟ್ಟು, ರಾತ್ರಿ 10ರಿಂದ ಬೆಳಗಿನ 4ರವರೆಗೆ ಒಂದೂವರೆ ಪಟ್ಟು. ತಿಂಗಳಿಗೆ 52 ತಾಸು ಓಟಿ ಮಾಡಿದರೆ ಮೊದಲನೆಯವನಿಗೆ 812, ಎರಡನೆಯವನಿಗೆ 542. ಗ್ರಾಚ್ಯುಟಿ ವರ್ಷಕ್ಕೆ 21 ದಿನದ ಬೇಸಿಕ್: 2,100 ಒಬ್ಬನಿಗೆ, 1,400 ಇನ್ನೊಬ್ಬನಿಗೆ. ಪೇಪರಿನ ಮೇಲೆ ಇಬ್ಬರದೂ 5,000ವೇ. ಬೇಸಿಕ್ ಏರಿಸಿ ಅಂತ ಕೇಳಿದರೆ ಕಂಪನಿ ಒಟ್ಟು ಮೊತ್ತ ಮುಟ್ಟದೆ ಒಳಗೇ ಸರಿಪಡಿಸಲು ಒಪ್ಪುವುದುಂಟು. ಚೌಕಾಸಿ ಮಾಡುವುದಿದ್ದರೆ ನಾನು ಇಲ್ಲಿಂದ ಶುರು ಮಾಡುತ್ತೇನೆ. ಕತಾರ್, ಒಮಾನ್‌ನಲ್ಲೂ ಕೊನೆಯ ಲೆಕ್ಕ ಬೇಸಿಕ್ ಮೇಲೆಯೇ.

ಕುಟುಂಬ ಸಮೇತ ಹೋಗುವ ಇಂಜಿನಿಯರ್‌ಗಳ ಲೆಕ್ಕವೇ ಬೇರೆ. ಸೌದಿಯಲ್ಲಿ ಕುಟುಂಬದ ಪ್ರತಿ ಸದಸ್ಯರಿಗೆ ತಿಂಗಳಿಗೆ 400 ರಿಯಾಲ್ ಫೀ. 2017ರಲ್ಲಿ 100ರಿಂದ ಶುರುವಾಗಿ ವರ್ಷ ವರ್ಷ ಏರಿ 2020ಕ್ಕೆ ಇಲ್ಲಿಗೆ ಬಂತು. ಹೆಂಡತಿ, ಇಬ್ಬರು ಮಕ್ಕಳು ಅಂದರೆ ವರ್ಷಕ್ಕೆ 14,400 ರಿಯಾಲ್, 3,31,200 ರೂಪಾಯಿ, ಮೂರು ಹೊತ್ತಿನ ಊಟಕ್ಕೂ ಮೊದಲೇ. ಇದನ್ನು ಕಂಪನಿ ಭರಿಸುತ್ತದಾ ಅಂತ ಆಫರ್‌ನಲ್ಲಿ ಬರೆಸಿಕೊಳ್ಳದಿದ್ದರೆ ನೀವೇ ಭರಿಸುತ್ತೀರಿ. ದುಬೈಯಲ್ಲಿ ಮನೆ ಹಿಡಿಯುವಾಗ ಬಾಡಿಗೆ ಚೆಕ್‌ಗಳಲ್ಲಿ ಮುಂಗಡ, ಅದರ ಮೇಲೆ ಡಿಪಾಸಿಟ್, ಬ್ರೋಕರ್ ಕಮಿಷನ್, ಕರೆಂಟು-ನೀರಿನ ಡಿಪಾಸಿಟ್. ವರ್ಷದ ಬಾಡಿಗೆಯ 5 ಪರ್ಸೆಂಟ್ ಹೌಸಿಂಗ್ ಫೀ ಕರೆಂಟ್ ಬಿಲ್‌ನಲ್ಲೇ ಕೂಡಿ ಬರುತ್ತದೆ. ಮೊದಲ ಮೂರು ತಿಂಗಳು ಕೈಯಿಂದ ಹಾಕಲು ರೊಕ್ಕ ಇಲ್ಲದಿದ್ದರೆ ಆರು ತಿಂಗಳು ಒಬ್ಬರೇ ಹೋಗಿ, ಮನೆ ಹಿಡಿದ ಮೇಲೆ ಕರೆಸಿಕೊಳ್ಳುವುದು ಮೇಲು.

ಜರ್ಮನಿ ಕಡೆ ಹೋಗುವವರಿಗೆ ಒಂದೇ ಮಾತು. ಅಲ್ಲಿನ ಆಫರ್‌ನಲ್ಲಿರುವ ಬ್ರುಟ್ಟೊ (ಕಡಿತಕ್ಕೆ ಮುಂಚಿನ) ಮೊತ್ತದಲ್ಲಿ ಪೆನ್ಷನ್‌ಗೆ 9.3, ನಿರುದ್ಯೋಗ ವಿಮೆಗೆ 1.3 ಪರ್ಸೆಂಟ್, ಮೇಲೆ ಆರೋಗ್ಯ ವಿಮೆ, ಆಮೇಲೆ ಟ್ಯಾಕ್ಸ್ ಕಳೆದು ಕೈಗೆ ಬರುವುದೇ ನೆಟ್ಟೊ. ಗಲ್ಫ್‌ನ ಟ್ಯಾಕ್ಸ್ ಇಲ್ಲದ ಮೊತ್ತವನ್ನು ಬ್ರುಟ್ಟೊ ಜೊತೆ ಹೋಲಿಸಿದರೆ ಜೋಳವನ್ನೂ ಭತ್ತವನ್ನೂ ಒಂದೇ ಸೇರಿನಲ್ಲಿ ಅಳೆದಂತೆ.

ರಿಯಾಲ್ ಡಾಲರಿಗೆ 3.75ರಂತೆ, ದಿರ್ಹಮ್ 3.6725ರಂತೆ ಕಟ್ಟಿಹಾಕಿದ ನಾಣ್ಯಗಳು. ಹಾಗಾಗಿ ಇವುಗಳ ಬೆಲೆ ಏರಿತು ಅಂದರೆ ರೂಪಾಯಿ ಇಳಿದಿದೆ ಅಂತಷ್ಟೇ ಅರ್ಥ. ರೂಪಾಯಿ ಇಳಿಯುತ್ತಲೇ ಇರುತ್ತದೆ ಅನ್ನುವ ಲೆಕ್ಕದ ಮೇಲೆ ಆಫರ್ ಒಪ್ಪಬೇಡಿ. ಒಪ್ಪುವ ಮುನ್ನ ಇವತ್ತಿನ ದರಕ್ಕಿಂತ ಒಂದು ರೂಪಾಯಿ ಕಡಿಮೆ ಹಿಡಿದು ಇನ್ನೊಮ್ಮೆ ಕೂಡಿಸಿ ನೋಡಿ. ಆಗಲೂ ನಿಲ್ಲುವ ಲೆಕ್ಕ ಗಟ್ಟಿ.

ಹೊರಡುವ ತಾರೀಕಿಗೂ ಬೆಲೆ ಇದೆ. ಆರ್ಥಿಕ ವರ್ಷದಲ್ಲಿ 182 ದಿನ ಇಲ್ಲೇ ಇದ್ದರೆ ಆ ವರ್ಷಕ್ಕೆ ಟ್ಯಾಕ್ಸ್ ಲೆಕ್ಕದಲ್ಲಿ ನೀವು ರೆಸಿಡೆಂಟ್ (ಇಲ್ಲಿನ ನಿವಾಸಿ), ಸೌದಿ ಪಗಾರವೂ ಇಲ್ಲಿನ ಟ್ಯಾಕ್ಸ್ ಲೆಕ್ಕಕ್ಕೆ ಸೇರುತ್ತದೆ. ಏಪ್ರಿಲ್ 1ರಿಂದ ಎಣಿಸಿದರೆ ಸೆಪ್ಟೆಂಬರ್ 29ಕ್ಕೆ 182 ತುಂಬುತ್ತದೆ, ಹೊರಡುವ ದಿನವನ್ನೂ ಎಣಿಸಿ. ಅಂದರೆ 28ರೊಳಗೆ ವಿಮಾನ ಹತ್ತಿರಬೇಕು, ಆಮೇಲೆ ಮಾರ್ಚ್ ಕೊನೆಯವರೆಗೆ ರಜೆಗೂ ಬರಬಾರದು. 3,000 ರಿಯಾಲಿನವರಿಗೆ ಇದು ಅಷ್ಟು ತಟ್ಟುವುದಿಲ್ಲ, 12,000 ರಿಯಾಲಿನ ಇಂಜಿನಿಯರ್‌ಗೆ ಚೆನ್ನಾಗಿಯೇ ತಟ್ಟುತ್ತದೆ. ಹೋದ ಮೇಲೆ ಊರಿನ ಬ್ಯಾಂಕಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ (ಅನಿವಾಸಿಯ ಇಲ್ಲಿನ ಆದಾಯದ ಖಾತೆ) ಮಾಡಿಸಿ, ರೊಕ್ಕ ಕಳಿಸಲು ಎನ್‌ಆರ್‌ಇ (ಅನಿವಾಸಿಯ ಹೊರದೇಶದ ಗಳಿಕೆಯ ಖಾತೆ) ತೆರೆಯಿರಿ. ಎನ್‌ಆರ್‌ಇ ಬಡ್ಡಿಗೆ ಇಲ್ಲಿ ಟ್ಯಾಕ್ಸ್ ಇಲ್ಲ.

ರಾಜೀನಾಮೆ ಪತ್ರವನ್ನು ವೀಸಾ ಸ್ಟಾಂಪ್ ಆಗುವವರೆಗೆ ಜೇಬಲ್ಲೇ ಇಟ್ಟುಕೊಳ್ಳಿ. ಕೊಡುವ ದಿನ ನಿಮ್ಮ ಸರ್ವಿಸ್ ಎಷ್ಟಾಗಿದೆ ಅಂತ ಅಪಾಯಿಂಟ್‌ಮೆಂಟ್ ಲೆಟರ್ ತೆಗೆದು ನೋಡಿ. ಪರ್ಮನೆಂಟ್ ನೌಕರನಿಗೆ ಗ್ರಾಚ್ಯುಟಿ ಸಿಗುವುದು ಐದು ವರ್ಷ ತುಂಬಿದ ಮೇಲೆ. ಎರಡು ಮೂರು ತಿಂಗಳು ಬಾಕಿ ಇದ್ದರೆ ಸೇರುವ ತಾರೀಕನ್ನು ಮುಂದೂಡಲು ಅಲ್ಲಿನ ಕಂಪನಿಗೆ ಮೇಲ್ ಹಾಕಿ ಕೇಳಿ. ಬೇಸಿಕ್ 18,000 ಇದ್ದವರಿಗೆ ಐದು ವರ್ಷದ ಗ್ರಾಚ್ಯುಟಿ 51,923 ರೂಪಾಯಿ. ಏಜೆಂಟ್ ಫೀ, ಮೆಡಿಕಲ್, ಓಡಾಟ ಕೂಡಿ 55,400 ಅಂತ ಮೇಲೆ ಹಾಕಿದ್ದೆನಲ್ಲ, ಸಾಲ ಮಾಡದೆ ಬಹುತೇಕ ಅದರಲ್ಲೇ ತೀರುತ್ತದೆ.